ಜೋತುಬಿದ್ದ ಹೊರಸಿಗೆ ಹೊಸ ಹಗ್ಗ

ಸೋದರಿಯರೇ, ಬೀದರ ಜಿಲ್ಲೆಯ ನಮ್ಮ ಘಾಟಬೋರಾಳದ ಕಡೆ ಅಂಗಳದ ಕುರ್ಚಿ, ಸೋಫಾ, ಮಂಚ ಎಲ್ಲಾ ಒಂದೇ, ಅದೇ ಹೊರಸು. ಬೇವಿನ ನೆರಳಿಗೆ ಹಿರಿಯರು ಕೂಡೋದು ಅದರ ಮೇಲೆ. ಹಳೇ ಸೀರೆ ಹಾಸಿ ಶ್ಯಾವಿಗೆ ಒಣಗಿಸೋದು ಅದರ ಮೇಲೆ. ಬೀಗರು ಬಂದರೆ ಚಹಾ ಕೊಡೋದೂ ಅದರ ಮೇಲೆಯೇ. ಇಷ್ಟು ದುಡಿಯುವ ಹೊರಸು ಬಿಸಿಲು ಮಳೆಗೆ ಸಿಕ್ಕು ನಡುವೆ ಜೋತುಬಿದ್ದರೆ ಮೂಲೆಗೆ ಎಸೆಯುತ್ತೇವೆ. ಕಟ್ಟಿಗೆ ಗಟ್ಟಿ ಇದ್ದರೆ ಹಾಗೆ ಎಸೆಯಬೇಡಿ. ಎರಡು ಮಧ್ಯಾಹ್ನದ ಬಿಡುವಿನಲ್ಲಿ ಮನೆಯಲ್ಲೇ ದುರಸ್ತಿ ಮಾಡಬಹುದು.

ಹಗ್ಗದ ಕೆಲಸ ಗಂಡಸರದು ಅನ್ನಬೇಡಿ. ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣ ನುಲಿಯ ಚಂದಯ್ಯನವರು ಹುಲ್ಲಿನಿಂದ ನುಲಿ ಹೊಸೆದು ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದರು. ಕೈಕೆಲಸಕ್ಕೆ ಹೆಣ್ಣು ಗಂಡು ಎಂಬ ಭೇದ ಎಲ್ಲಿಯದು?

ಮೊದಲು ಹಳೇ ಹಗ್ಗ ಬಿಚ್ಚಿ. ಕತ್ತರಿಸಬೇಡಿ. ಬಿಚ್ಚುತ್ತಾ ಹೋದರೆ ಹೆಣಿಗೆ ಹೇಗಿತ್ತೆಂದು ಕಣ್ಣಿಗೆ ಕಾಣುತ್ತದೆ. ಎಷ್ಟು ಮಾರು ಬಂತೆಂದು ಲೆಕ್ಕವಿಟ್ಟರೆ ಸಂತೆಯಲ್ಲಿ ಹೆಚ್ಚು ಕೊಳ್ಳುವುದೂ ತಪ್ಪುತ್ತದೆ.

ಆಮೇಲೆ ಕಟ್ಟಿಗೆ ನೋಡಿ. ಸಂದುಗಳಲ್ಲಿ ತಗಣಿ ಇದ್ದರೆ ಕುದಿಯುವ ನೀರು ಸುರಿಯಿರಿ. ಬರೀ ಬಿಸಿಲಿಗೆ ಅವು ಪೂರ್ತಿ ಸಾಯುವುದಿಲ್ಲ. ಚೆನ್ನಾಗಿ ಒಣಗಿದ ಮೇಲೆ, ಅಲುಗುವ ಕಾಲಿಗೆ ತೆಳ್ಳನೆಯ ಬೆಣೆ ಬಡಿಯಿರಿ. ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆಯಿರಿ. ಎರಡೂ ಅಳತೆ ಸಮ ಬಂದರೆ ಹೊರಸು ಸೊಟ್ಟಗಿಲ್ಲ ಎಂದರ್ಥ. ಕಟ್ಟಿಗೆಗೆ ಅಗಸಿ ಎಣ್ಣೆ ತೆಳುವಾಗಿ ಒರೆಸಿ ಕೆಲವು ದಿನ ಒಣಗಲು ಬಿಡಿ. ಒಂದು ಎಚ್ಚರಿಕೆ: ಆ ಎಣ್ಣೆ ಅರಿವೆಯನ್ನು ಮುದ್ದೆ ಮಾಡಿ ಇಡಬೇಡಿ. ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ.

ಈಗ ಹೆಣಿಗೆ. ಕಾಲ್ದೆಸೆಯಿಂದ ಒಂದು ಗೇಣು ಈಚೆಗೆ, ಉದ್ದನೆಯ ಎರಡು ಕಟ್ಟಿಗೆಗಳ ನಡುವೆ ಒಂದು ದಪ್ಪ ಹಗ್ಗ ಅಡ್ಡ ಬಿಗಿಯಿರಿ. ತಲೆದೆಸೆಯ ಕಟ್ಟಿಗೆಯಿಂದ ಈ ಹಗ್ಗದವರೆಗೆ ಉದ್ದ ಎಳೆಗಳನ್ನು ಹಾಕಿ. ತುಸು ಸಡಿಲ ಇರಲಿ. ಅಡ್ಡ ಎಳೆಗಳನ್ನು ಚಾಪೆಯಂತೆ ಎರಡರ ಮೇಲೆ, ಎರಡರ ಕೆಳಗೆ ತೂರಿಸುತ್ತಾ ಬನ್ನಿ. ಕೊನೆಗೆ ದಪ್ಪ ಹಗ್ಗಕ್ಕೂ ಕಾಲ್ದೆಸೆಯ ಕಟ್ಟಿಗೆಗೂ ಬಿಗಿ ಹಗ್ಗ ಸುತ್ತಿ ಜಗ್ಗಿ ಕಟ್ಟಿ. ಮುಂದೆ ಜೋತಾಗಲೆಲ್ಲ ಇದೊಂದನ್ನೇ ಬಿಗಿ ಮಾಡಿದರೆ ಸಾಕು.

ಯಾವ ಹಗ್ಗ ಒಳ್ಳೆಯದು? ಪುಂಡಿ ಪಲ್ಯ ಯಾರಿಗೆ ಗೊತ್ತಿಲ್ಲ? ಅದೇ ಪುಂಡಿಯ ದಂಟನ್ನು ನೀರಲ್ಲಿ ಕೊಳೆಸಿ ತೆಗೆದ ನಾರು ಹೊರಸಿಗೆ ತಂಪು. ಆದರೆ ನಾರಿನ ಹಗ್ಗ ನೆನೆದಾಗ ಕುಗ್ಗಿ ಕಟ್ಟಿಗೆಯನ್ನು ಜಗ್ಗುತ್ತದೆ, ಒಣಗಿದಾಗ ಸಡಿಲಾಗುತ್ತದೆ. ಪ್ಲಾಸ್ಟಿಕ್ ಹಗ್ಗ ನೀರಿಗೆ ಹೆದರದು, ಬಿಸಿಲಿಗೆ ಮಾತ್ರ ಪೆಡಸಾಗಿ ಹರಿಯುತ್ತದೆ. ಹತ್ತಿಯ ನವಾರು ಮೈಗೆ ಮೆತ್ತಗೆ, ಬಿಚ್ಚಿ ಒಗೆಯಲೂಬಹುದು.

ಮನೆಗೆ ಬಾಣಂತನಕ್ಕೆ ಮಗಳು ಬರುವವಳಿದ್ದರೆ ಈ ಮಾತು ಮರೆಯಬೇಡಿ. ಹೊರಸಿನ ಕೆಳಗೆ ಕೆಂಡವಿಟ್ಟು ಬಾಣಂತಿಗೆ ಕಾಸುವ ರೂಢಿ ನಮ್ಮಲ್ಲುಂಟು. ಪ್ಲಾಸ್ಟಿಕ್, ನೈಲಾನ್ ಹಗ್ಗ ಆ ಕಾವಿಗೆ ಕರಗಿ ಮೈಗೆ ಅಂಟುತ್ತದೆ. ನಾರಿಗೂ ನವಾರಿಗೂ ಕಿಡಿ ತಾಗಿದರೆ ಬೆಂಕಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ತಾಯಿ ಕೂಸಿನ ಜೀವಕ್ಕೇ ಅಪಾಯ. ಹಿರಿಯರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ, ತಿಳಿಸಿ ಹೇಳಿ. ಬಿಸಿನೀರಿನ ಸ್ನಾನ, ಬೆಚ್ಚನೆ ಹೊದಿಕೆ ಸಾಕು. ಕೂಸನ್ನೂ ಜೋತ ಹೊರಸಿನ ಮೇಲೆ ಮಲಗಿಸಬೇಡಿ. ಮುಖ ಹಾಸಿಗೆಗೆ ಒತ್ತಿ ಉಸಿರು ಕಟ್ಟಬಹುದು. ಕೂಸಿಗೆ ಸಮನಾದ, ಗಟ್ಟಿ ಹಾಸಿಗೆಯೇ ಒಳ್ಳೆಯದು.

ಮಳೆಗಾಲ ಬಂದಾಗ ಹೊರಸನ್ನು ಒಳಗೆ ತಂದು, ಬಿಗಿ ಹಗ್ಗ ತುಸು ಸಡಿಲಿಸಿ, ಗೋಡೆಗೆ ನಿಲ್ಲಿಸಿ. ಗೆದ್ದಲು ಹತ್ತದಂತೆ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಡಿ. ಇಷ್ಟು ಜೋಪಾನ ಮಾಡಿದರೆ ಅತ್ತೆಯ ಕಾಲದ ಹೊರಸು ಸೊಸೆಯ ಕಾಲಕ್ಕೂ ಬಂದೀತು.