ಪಥ್ಯದ ಚೀಟಿ ಹಳತಾಗಿಲ್ಲ ತಾನೆ?

"ಬೇಳೆ ಬೇಡ, ಹಾಲು ಬೇಡ, ಸೊಪ್ಪು ಬೇಡ, ಬಾಳೆಹಣ್ಣಂತೂ ಬೇಡವೇ ಬೇಡ. ಮತ್ತಿನ್ನೇನು ಬಡಿಸಲಿ ಹೇಳಿ?" ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯವರಿದ್ದರೆ ನೀವೂ ಹೀಗೆ ಕೇಳಿಯೇ ಇರುತ್ತೀರಿ.

ನಮ್ಮ ಬೀದಿಯ ಗೃಹಿಣಿಯೊಬ್ಬರ ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದು ಶುರುವಾಗುವ ಮೊದಲೇ ಬರೆಸಿಕೊಂಡಿದ್ದ ಪಥ್ಯದ ಚೀಟಿಯನ್ನು ಆಕೆ ಅಡಿಗೆಮನೆ ಗೋಡೆಗೆ ಅಂಟಿಸಿಕೊಂಡು ವ್ರತದ ಹಾಗೆ ಪಾಲಿಸುತ್ತಿದ್ದರು. ಎರಡು ಹೊತ್ತೂ ಅನ್ನ, ತಿಳಿಸಾರು. ಯಜಮಾನರ ಹೆಗಲ ಮೂಳೆ ಎದ್ದು ಕಾಣುತ್ತಿತ್ತು. "ತೂಕ ಇಳಿದಿಲ್ವಲ್ಲ ರೀ" ಎನ್ನುತ್ತಿದ್ದರು ಆಕೆ. ಇಳಿಯುವುದೆಲ್ಲಿ? ಮಾಂಸ ಕರಗಿದ ಜಾಗಕ್ಕೆ ನೀರು ತುಂಬಿಕೊಂಡಿತ್ತು.

ಚೀಟಿಯಲ್ಲಿ ತಪ್ಪಿರಲಿಲ್ಲ, ಅದರ ಕಾಲ ಮುಗಿದಿತ್ತು. ಡಯಾಲಿಸಿಸ್‌ಗೆ ಮೊದಲು ಸೋತ ಮೂತ್ರಪಿಂಡಕ್ಕೆ ಹೊರೆಯಾಗದಿರಲೆಂದು ಪ್ರೋಟೀನನ್ನು ಹಿಡಿತದಲ್ಲಿಡುತ್ತಾರೆ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 35ರಿಂದ 48 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುವುಮುರುವು. ಪ್ರತಿ ಸಲವೂ ಕೊಳೆಯ ಜೊತೆಗೆ ಪ್ರೋಟೀನಿನ ಸಾರವೂ ಕೆಲವು ಗ್ರಾಂ ಹೊರಟುಹೋಗುತ್ತದೆ. ಅದೇ ಮನುಷ್ಯರಿಗೆ ಈಗ 60ರಿಂದ 72 ಗ್ರಾಂ ಬೇಕು!

ಹಾಗಂತ ಬಡಿಸಿದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಗಾಯವಾದ ಕಡೆ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅಂಥ ಉರಿಯೂತ ಈ ರೋಗಿಗಳ ಒಳಗೆ ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ಅದು ಹಸಿವನ್ನು ಕೊಲ್ಲುತ್ತದೆ, ಸ್ನಾಯುವನ್ನು ಕರಗಿಸುತ್ತದೆ, ಹೃದಯದ ರಕ್ತನಾಳಗಳನ್ನೂ ಕೆಡಿಸುತ್ತದೆ. ರಕ್ತದ ಅಲ್ಬುಮಿನ್ ಇಳಿಯುವುದಕ್ಕೆ ಕಡಿಮೆ ಊಟವೊಂದೇ ಕಾರಣವಲ್ಲ, ಇದೂ ಕಾರಣ. 2008ರಲ್ಲಿ ಅಂತರರಾಷ್ಟ್ರೀಯ ತಜ್ಞರು ಈ ಸೊರಗುವಿಕೆಗೆ 'ಪ್ರೋಟೀನ್-ಎನರ್ಜಿ ವೇಸ್ಟಿಂಗ್' ಎಂಬ ಹೆಸರು ಸೂಚಿಸಿದರು. ಅಲ್ಬುಮಿನ್ 3.8ಕ್ಕಿಂತ ಕೆಳಗಿರುವುದು ಅದರ ಗುರುತುಗಳಲ್ಲೊಂದು. ಆದ್ದರಿಂದ "ಎಷ್ಟು ಮಾಡಿ ಹಾಕಿದರೂ ತಿನ್ನೋದಿಲ್ಲ" ಎಂದು ರೇಗಬೇಡಿ. ವಸಡಿನಲ್ಲಿ ಕೀವಿದೆಯೇ, ಡಯಾಲಿಸಿಸ್ ನಳಿಕೆ ಹಾಕಿದ ಜಾಗ ಕೆಂಪಾಗಿದೆಯೇ ನೋಡಿ. ಚಳಿಜ್ವರ ಬಂದರೆ ಮಾತ್ರ ಕಷಾಯ ಮಾಡಿಕೊಂಡು ಕೂರದೆ ಅಂದೇ ವೈದ್ಯರ ಬಳಿ ಹೋಗಿ.

ಇನ್ನು ಅಡಿಗೆ. ಮೊಟ್ಟೆ ತಿನ್ನುವ ಮನೆಯಾದರೆ ಕೆಲಸ ಸುಲಭ. ಒಂದು ಮೊಟ್ಟೆಯ ಬಿಳಿಯಲ್ಲೇ ಮೂರೂವರೆ ಗ್ರಾಂ ಪ್ರೋಟೀನ್, ರಂಜಕವೂ ಕಡಿಮೆ. ಈರುಳ್ಳಿ, ಮೆಣಸಿನ ಪುಡಿ ಹಾಕಿ ಪಲ್ಯ ಮಾಡಿ. ತಿನ್ನದವರು ಬೇಳೆ, ಪನೀರುಗಳ ಅಳತೆಯನ್ನು ವೈದ್ಯರಿಂದ ಹೊಸದಾಗಿ ಬರೆಸಿಕೊಳ್ಳಬೇಕು. ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿದ್ದರೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ಬಸಿಯಿರಿ. ನಮಗೋ ಆ ಕಟ್ಟು ಚೆಲ್ಲಲು ಮನಸ್ಸೇ ಬಾರದು, ಬಸ್ಸಾರು ಮಾಡಿಬಿಡುತ್ತೇವೆ! ಮಾಡಿ, ಉಳಿದವರಿಗೆ ಬಡಿಸಿ. ರೋಗಿಗೆ ಪಲ್ಯ ಮಾತ್ರ. ಪೊಟ್ಯಾಸಿಯಂ ಇಳಿದಿರುವುದು ಆ ಕಟ್ಟಿಗೇ. ಎಳನೀರೂ ಹಾಗೆಯೇ, ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪೂ ಹಾಗೆಯೇ. ಉಪ್ಪು ಕಡಿಮೆಯಾಗಿ ಸಪ್ಪೆ ಎನಿಸಿದರೆ ಇಂಗು, ಜೀರಿಗೆ, ಕರಿಬೇವಿನ ಒಗ್ಗರಣೆ ಇದ್ದೇ ಇದೆ. ಒಂದೇ ಸಲ ತಟ್ಟೆ ತುಂಬಿಸಬೇಡಿ, ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡಿ.

ನಮ್ಮ ಬೀದಿಯಾಕೆ ಹೊಸ ಚೀಟಿ ಬರೆಸಿಕೊಂಡು ಬಂದಿದ್ದಾರೆ. ಅವರದು ಮೊಟ್ಟೆ ತಾರದ ಮನೆ. ಈಗ ದಿನವೂ ಹಾಲು ಒಡೆಸಿ ಪನೀರು ಮಾಡುತ್ತಾರೆ, ಊಟದ ತಟ್ಟೆಯ ಪಕ್ಕದಲ್ಲೇ ರಂಜಕದ ಮಾತ್ರೆ ಇಡುತ್ತಾರೆ. ಮೊನ್ನೆ ಯಜಮಾನರು ತಾವಾಗಿಯೇ ಇನ್ನೊಂದು ಚಪಾತಿ ಕೇಳಿದರಂತೆ.