ಶಿಶುಪಾಲನಾ ಕೇಂದ್ರದ ಗುಣಮಟ್ಟ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಶಹಾಪುರ ತಾಲ್ಲೂಕಿನ ಆರ್ಥಿಕ ಜೀವನದಲ್ಲಿ ಹತ್ತಿಗೆ ಹಿರಿಯ ಸ್ಥಾನವಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಈ ಭಾಗದ ಹೊಲಗಳಿಗೆ ಹರಿದ ನಂತರ ಬತ್ತವೂ ಅದರ ಜೊತೆಗೂಡಿತು. ಹತ್ತಿಯ ಹಂಗಾಮು ಆರಂಭವಾಯಿತೆಂದರೆ ಜಿನ್ನಿಂಗ್ ಕಾರ್ಖಾನೆಗಳಿಗೆ ಮಹಿಳಾ ಕಾರ್ಮಿಕರು ಬೇಕಾಗುತ್ತಾರೆ. ಅವರಲ್ಲಿ ಹಾಲೂಡಿಸುವ ತಾಯಂದಿರೂ ಇರುತ್ತಾರೆ. ಮನೆಯಲ್ಲಿ ಹಿರಿಯರಿಲ್ಲದಿದ್ದರೆ ಕೂಸು ತಾಯಿಯೊಡನೆ ಹತ್ತಿಯ ರಾಶಿಯ ಬದಿಗೆ ಬರುತ್ತದೆ. ಇಲ್ಲವೇ ಶಾಲೆ ತಪ್ಪಿಸಿಕೊಂಡ ಅಕ್ಕನ ಕಂಕುಳೇರುತ್ತದೆ. ಮೊದಲನೆಯದರಲ್ಲಿ ಧೂಳು, ಯಂತ್ರ ಹಾಗೂ ಬೆಂಕಿಯ ಭಯವಿದೆ. ಎರಡನೆಯದರಲ್ಲಿ ಒಂದಲ್ಲ, ಎರಡು ಮಕ್ಕಳಿಗೆ ಹಾನಿಯಿದೆ.

ಕಾನೂನು ಹೇಳುವುದೇನು?

1948ರ ಕಾರ್ಖಾನೆಗಳ ಅಧಿನಿಯಮದ 48ನೇ ಪ್ರಕರಣವು 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗಳಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯಗೊಳಿಸಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ಆದ ತಿದ್ದುಪಡಿಯು 50 ನೌಕರರಿರುವ ಸಂಸ್ಥೆಗಳಿಗೆ ಈ ಹೊಣೆಯನ್ನು ವಿಧಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆದಿವೆ. ಈಗ ಲೆಕ್ಕಕ್ಕೆ ಬರುವುದು ಮಹಿಳೆಯರ ಸಂಖ್ಯೆಯಷ್ಟೇ ಅಲ್ಲ, ಒಟ್ಟು ನೌಕರರ ಸಂಖ್ಯೆ. ತಾಯಿಯು ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಅವಕಾಶ ನೀಡಬೇಕೆಂಬುದೂ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ.

ನಮ್ಮ ಅನೇಕ ಸಣ್ಣ ಘಟಕಗಳು ಈ ಮಿತಿಯೊಳಗೆ ಬಾರದಿರಬಹುದು. ಆದರೆ ಕಾನೂನಿನ ಮಿತಿಗೆ ಒಳಪಡದ ಘಟಕದ ಅಂಗಳದಲ್ಲಿಯೂ ಮಗುವಿಗೆ ಒದಗುವ ಅಪಾಯ ಅಷ್ಟೇ ಇರುತ್ತದೆ.

ಪರೀಕ್ಷಿಸುವ ಬಗೆ

ಹತ್ತಿ ಕೊಳ್ಳುವ ವ್ಯಾಪಾರಿಯು ಚೀಲದ ಅಂದ ನೋಡಿ ದರ ಕಟ್ಟುವುದಿಲ್ಲ. ಎಳೆಯನ್ನು ಎಳೆದು ನೋಡುತ್ತಾನೆ, ತೇವ ಹಾಗೂ ಕಸವನ್ನು ಪರೀಕ್ಷಿಸುತ್ತಾನೆ. ಶಿಶುಪಾಲನಾ ಕೇಂದ್ರವನ್ನು ಅಳೆಯುವಾಗಲೂ ಗೋಡೆಯ ಬಣ್ಣದ ಚಿತ್ರಗಳಿಗೆ ಮರುಳಾಗಬಾರದು. ಸ್ವಂತ ಮಕ್ಕಳನ್ನು ಖಾಸಗಿ ಕೇಂದ್ರಕ್ಕೆ ಕಳುಹಿಸುವ ವರ್ತಕ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲನೆಯದು, ಆರೈಕೆ ಮಾಡುವವರ ಸಂಖ್ಯೆ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಪ್ರಕಾರ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು ಇರಬೇಕು. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೊಠಡಿ ಮತ್ತು 30 ಚದರ ಮೀಟರ್ ಬಯಲು ಬೇಕು.

ಎರಡನೆಯದು, ಅವರ ನಡವಳಿಕೆ. ಅಮೆರಿಕದಲ್ಲಿ 1991ರಲ್ಲಿ ಆರಂಭಗೊಂಡು 1,300ಕ್ಕೂ ಹೆಚ್ಚು ಮಕ್ಕಳನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು, ಆರೈಕೆದಾರರು ಮಗುವಿನೊಡನೆ ಅಕ್ಕರೆಯಿಂದ ಮಾತನಾಡಿ ಸ್ಪಂದಿಸುವ ಕಡೆ ಮಕ್ಕಳ ಭಾಷೆ ಮತ್ತು ಬುದ್ಧಿಯ ಬೆಳವಣಿಗೆ ಉತ್ತಮವಾಗಿರುವುದನ್ನು ಕಂಡುಕೊಂಡಿತು. ಆದುದರಿಂದ ಮುನ್ಸೂಚನೆಯಿಲ್ಲದೆ ಹೋಗಿ ಒಂದು ತಾಸು ಸುಮ್ಮನೆ ಕುಳಿತು ನೋಡಬೇಕು. ಅತ್ತ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಎಷ್ಟು ಹೊತ್ತಿಗೆ? ಮಕ್ಕಳ ಹೆಸರು ಅವರಿಗೆ ಗೊತ್ತೇ? ಮಕ್ಕಳನ್ನು ಟಿ.ವಿ. ಅಥವಾ ಮೊಬೈಲ್ ಮುಂದೆ ಕೂರಿಸಿಬಿಡುತ್ತಾರೆಯೇ? ಎಲ್ಲ ಮಕ್ಕಳೂ ಸದಾ ಮೌನವಾಗಿರುವುದು ಶಿಸ್ತಿನ ಗುರುತಲ್ಲ, ಶಂಕಿಸಬೇಕಾದ ಸಂಗತಿ.

ಮೂರನೆಯದು, ಆರೋಗ್ಯ ಮತ್ತು ಸುರಕ್ಷತೆ. ಮುಚ್ಚಿಟ್ಟ ಶುದ್ಧ ನೀರು, ಊಟಕ್ಕೆ ಮೊದಲು ಕೈ ತೊಳೆಸುವ ರೂಢಿ, ಬೇಸಿಗೆಯ ಬಿಸಿಲಿಗೆ ನೆರಳು ಮತ್ತು ಗಾಳಿ ಇರಬೇಕು. ಕೇಂದ್ರವು ಯಂತ್ರಶಾಲೆ ಹಾಗೂ ಹತ್ತಿಯ ದಾಸ್ತಾನಿನಿಂದ ದೂರವಿರಬೇಕು. ಲಸಿಕೆಯ ದಾಖಲೆ ಮತ್ತು ಮಗುವನ್ನು ಯಾರು ಕರೆದೊಯ್ದರೆಂಬ ವಹಿ ಇರಬೇಕು. ಕೊನೆಯದಾಗಿ, ಆರೈಕೆದಾರರು ಪದೇ ಪದೇ ಬದಲಾಗುತ್ತಿದ್ದರೆ ಕಾರಣ ಕೇಳಬೇಕು. ಅಲ್ಪ ವೇತನವೇ ಕಾರಣವಾಗಿದ್ದರೆ ಅಲ್ಲಿನ ಉಳಿತಾಯದ ಬೆಲೆಯನ್ನು ಮಗು ತೆರುತ್ತಿರುತ್ತದೆ.

ಜಂಟಿ ಕೇಂದ್ರ ಸಾಧ್ಯ

1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಇಂದು ಊರೂರಿನಲ್ಲಿವೆ. ಆದರೆ ಅವುಗಳ ವೇಳೆಗೂ ಕಾರ್ಖಾನೆಯ ಪಾಳಿಗೂ ತಾಳೆಯಾಗದು. ರಾಜ್ಯ ಸರ್ಕಾರವು 2023ರಲ್ಲಿ ಪ್ರಕಟಿಸಿದ ‘ಕೂಸಿನ ಮನೆ’ ಯೋಜನೆಯು ಗ್ರಾಮ ಪಂಚಾಯಿತಿಗಳಿಗೆ ಸಂಬಂಧಿಸಿದ್ದು. ಪಟ್ಟಣದ ಘಟಕಗಳು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಬೇಕಾಗಿದೆ.

ಹಲವು ಸಂಸ್ಥೆಗಳು ಸಂಪನ್ಮೂಲ ಕೂಡಿಸಿ ಸಾಮಾನ್ಯ ಶಿಶುಪಾಲನಾ ಕೇಂದ್ರ ನಡೆಸಲು ಸಾಮಾಜಿಕ ಭದ್ರತಾ ಸಂಹಿತೆಯೇ ಅವಕಾಶ ನೀಡಿದೆ. ಒಬ್ಬರಿಗೆ ಭಾರವೆನಿಸುವ ಬಾಡಿಗೆ, ವೇತನ, ಹಾಲು, ಊಟದ ವೆಚ್ಚ ನಾಲ್ಕೈದು ಘಟಕಗಳಲ್ಲಿ ಹಂಚಿಹೋದರೆ ಹಗುರವಾಗುತ್ತದೆ. ಮಗುವಿನ ಚಿಂತೆಯಿಲ್ಲದ ತಾಯಿ ಕೆಲಸದ ನಡುವೆ ಮನೆಗೆ ಓಡಬೇಕಾಗಿಲ್ಲ. ಮರುವರ್ಷವೂ ಅದೇ ಘಟಕಕ್ಕೆ ಬರಲು ಅವಳಿಗೆ ಕಾರಣವಿರುತ್ತದೆ.

ಮುಂದಿನ ಹಂಗಾಮಿಗೆ ಮುನ್ನ ಅಕ್ಕಪಕ್ಕದ ಘಟಕಗಳ ಮಾಲೀಕರು ಒಂದೆಡೆ ಸೇರಿ, ತಮ್ಮ ಕಾರ್ಮಿಕರಿಗೆ 6 ವರ್ಷದೊಳಗಿನ ಎಷ್ಟು ಮಕ್ಕಳಿದ್ದಾರೆಂಬ ಪಟ್ಟಿಯನ್ನು ಸಿದ್ಧಪಡಿಸುವುದು ಉಚಿತ. ಕೊಠಡಿ, ಸಿಬ್ಬಂದಿ ಮತ್ತು ವೆಚ್ಚದ ಲೆಕ್ಕವೆಲ್ಲ ಆ ಪಟ್ಟಿಯಿಂದಲೇ ಆರಂಭವಾಗಬೇಕು.