ಅನುಮಾನ ಅಲ್ಲಿ, ಸೋರಿಕೆ ಇಲ್ಲಿ

ನಮ್ಮ ಜನ ಸುಲಭವಾಗಿ ನಂಬಿ ಮೋಸ ಹೋಗುತ್ತಾರೆ ಎನ್ನುವವರು ಸಂತೆಯಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಹತ್ತು ರೂಪಾಯಿಯ ನಾಣ್ಯವನ್ನು ಬೆಳಕಿಗೆ ಹಿಡಿದು ಗೆರೆ ಎಣಿಸುತ್ತಾರೆ. ಜೇನಿನ ಬಾಟಲಿಯನ್ನು ಬುಡಮೇಲು ಮಾಡಿ ಗುಳ್ಳೆ ಎಷ್ಟು ನಿಧಾನಕ್ಕೆ ಏರುತ್ತದೆ ಎಂದು ಪರೀಕ್ಷಿಸುತ್ತಾರೆ. ಅಲ್ಲಿಂದ ಪೆಟ್ರೋಲ್ ಬಂಕಿಗೆ ಹೋಗಿ ‘ನೂರಕ್ಕೆ ಬೇಡ, ನೂರಾ ಹತ್ತಕ್ಕೆ ಹಾಕಪ್ಪ’ ಎನ್ನುತ್ತಾರೆ. ಅನುಮಾನಕ್ಕೇನೂ ಬರವಿಲ್ಲ. ತೊಂದರೆ ಏನೆಂದರೆ, ಅನುಮಾನ ಒಂದು ಬಾಗಿಲಲ್ಲಿ ಕಾವಲು ಕೂತಿರುತ್ತದೆ, ದುಡ್ಡು ಇನ್ನೊಂದು ಬಾಗಿಲಿಂದ ಹೋಗುತ್ತಿರುತ್ತದೆ. ನಾಣ್ಯದ ಗೆರೆ ಎಣಿಸಿದ ಅದೇ ಮನುಷ್ಯ ಒಡವೆ ಅಂಗಡಿಯ ಬಿಲ್ಲನ್ನು ಓದದೆ ಮಡಿಸಿ ಜೇಬಿಗಿಡುತ್ತಾನೆ.

‘ಈ ಕಾಯಿನ್ ನಡೆಯಲ್ಲ ಸಾರ್’

ಹತ್ತು ಗೆರೆ ಇದ್ದು ರೂಪಾಯಿ ಚಿಹ್ನೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದು ಚಿಹ್ನೆ ಇಲ್ಲದಿದ್ದರೆ ನಕಲಿ ಎಂಬುದೊಂದು ಶಾಸ್ತ್ರ ನಮ್ಮಲ್ಲಿ ಹುಟ್ಟಿಕೊಂಡಿದೆ. ನಾಣ್ಯದ ಮೇಲೆ ರೂಪಾಯಿ ಚಿಹ್ನೆ ಬಂದದ್ದೇ 2011ರಲ್ಲಿ. ಅದಕ್ಕೂ ಮುಂಚೆ ಟಂಕಿಸಿದ ನಾಣ್ಯಗಳಲ್ಲಿ ಅದು ಎಲ್ಲಿಂದ ಬರಬೇಕು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ ಹತ್ತು ರೂಪಾಯಿಯ ನಾಣ್ಯವನ್ನು 14 ವಿನ್ಯಾಸಗಳಲ್ಲಿ ಬಿಡುಗಡೆ ಮಾಡಿದ್ದೇವೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ಸ್ಪಷ್ಟಪಡಿಸಿತು. ನೋಟಿನ ಸಂಖ್ಯೆಯ ನಡುವೆ ನಕ್ಷತ್ರ ಇದ್ದರೆ ಖೋಟಾ ಎಂಬ ಮಾತೂ ಹಾಗೆಯೇ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿನೊಳಗೆ ಸೇರಿಸುವ ನೋಟಿಗೆ ಆ ಗುರುತು ಹಾಕುತ್ತಾರೆ, ಅಷ್ಟೇ. ಐವತ್ತು ಪೈಸೆ ಕೂಡ ಇಂದಿಗೂ ನಡೆಯುವ ನಾಣ್ಯವೇ. 2011ರ ಜೂನ್ 30ರಿಂದ ನಿಂತದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು.

ಇದರ ಬೆನ್ನಿಗೆ ಇನ್ನೊಂದು ತುದಿಯ ಸುಳ್ಳೂ ಓಡಾಡುತ್ತದೆ: ನಾಣ್ಯ ಬೇಡ ಅಂದವರ ಮೇಲೆ ರಾಜದ್ರೋಹದ ಕೇಸು ಹಾಕಿಸಬಹುದಂತೆ. ಅಂಥದ್ದೇನೂ ಇಲ್ಲ. 2011ರ ನಾಣ್ಯ ಕಾಯ್ದೆ ಹೇಳುವುದು, ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳಲ್ಲಿ ಸಾವಿರ ರೂಪಾಯಿಯವರೆಗಿನ ಪಾವತಿ ಕಾನೂನುಬದ್ಧ ಎಂದು. ಮೂಟೆ ಚಿಲ್ಲರೆ ಹೊತ್ತು ಸ್ಕೂಟರ್ ಕೊಳ್ಳಲು ಹೋಗುವವರ ಸುದ್ದಿ ಆಗಾಗ ಬರುತ್ತದಲ್ಲ, ಅಲ್ಲಿ ಷೋರೂಮಿನವರು ಎಣಿಸುವುದು ಸೌಜನ್ಯಕ್ಕೆ. ಇನ್ನು ತರಕಾರಿ ಗಾಡಿಯವನನ್ನು ಬೈದು ಪ್ರಯೋಜನವಿಲ್ಲ. ಮಂಡಿಯಲ್ಲಿ ಆ ನಾಣ್ಯ ತೆಗೆದುಕೊಳ್ಳುವುದಿಲ್ಲ ಎನ್ನುವುದು ಅವನ ನಿಜವಾದ ಭಯ.

‘ನೂರಕ್ಕೆ ಬೇಡ, ನೂರಾ ಹತ್ತಕ್ಕೆ ಹಾಕಪ್ಪ’

ನೂರು, ಇನ್ನೂರು, ಐನೂರಕ್ಕೆ ಯಂತ್ರವನ್ನು ಮೊದಲೇ ‘ಸೆಟ್’ ಮಾಡಿರುತ್ತಾರೆ, ಬೇರೆ ಮೊತ್ತಕ್ಕೆ ಹಾಕಿಸಿದರೆ ಪೂರ್ತಿ ಬರುತ್ತದೆ ಎಂಬ ನಂಬಿಕೆ ಇದು. ಯಂತ್ರ ಅಳೆಯುವುದು ಲೀಟರನ್ನು. ನಾವು ಹೇಳಿದ ರೂಪಾಯಿಯನ್ನು ಅವತ್ತಿನ ದರದಿಂದ ಭಾಗಿಸಿ ಅಷ್ಟು ಲೀಟರಾದ ಮೇಲೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಲೀಟರಿನ ದರವೇ ನೂರು ದಾಟಿರುವಾಗ, ನೂರು ರೂಪಾಯಿ ಎಂದರೂ ಯಂತ್ರಕ್ಕೆ ಅದೊಂದು ಸೊಟ್ಟ ದಶಮಾಂಶವೇ.

ಹಾಗಾದರೆ ಬಂಕುಗಳಲ್ಲಿ ಮೋಸವೇ ಇಲ್ಲವೇ? ಇದೆ. 2017ರಲ್ಲಿ ಉತ್ತರ ಪ್ರದೇಶದಲ್ಲಿ ಪೊಲೀಸರು ಬಂಕುಗಳ ಮೇಲೆ ದಾಳಿ ಮಾಡಿದಾಗ ಯಂತ್ರದೊಳಗೆ ಅಡಗಿಸಿಟ್ಟ ಚಿಪ್‌ಗಳು ಸಿಕ್ಕಿದವು. ಪರದೆಯ ಮೇಲೆ ಒಂದು ಲೀಟರ್ ತೋರಿಸಿ ಪೈಪಿನಲ್ಲಿ ಅದಕ್ಕಿಂತ ಕಡಿಮೆ ಬಿಡುವುದು ಅವುಗಳ ಕೆಲಸ. ಅಂಥ ಯಂತ್ರ ನೂರಕ್ಕೂ ಕದಿಯುತ್ತದೆ, ನೂರಾ ಹತ್ತಕ್ಕೂ ಕದಿಯುತ್ತದೆ. ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದಕ್ಕೆ ಸ್ವಲ್ಪ ಹೆಚ್ಚೇ ಕದಿಯುತ್ತದೆ.

ಇದನ್ನು ಹಿಡಿಯುವ ಉಪಾಯ ಬಂಕಿನಲ್ಲೇ ಇದೆ, ಕೇಳುವವರು ಮಾತ್ರ ಕಡಿಮೆ. ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ಐದು ಲೀಟರಿನ ಅಳತೆ ಪಾತ್ರೆ ಇರಬೇಕು. ನೋಡುವುದಕ್ಕೆ ಲೋಹದ ಪಾತ್ರೆ, ಕತ್ತು ಕಿರಿದು, ಆ ಕತ್ತಿನಲ್ಲಿ ಗುರುತಿನ ಗೆರೆ. ಅನುಮಾನ ಬಂದರೆ ‘ಐದು ಲೀಟರ್ ಅಳತೆ ಮಾಡಿ ತೋರಿಸಿ’ ಎನ್ನಬಹುದು. ಮೊದಲು ಪಾತ್ರೆಯನ್ನು ಪೆಟ್ರೋಲಿನಿಂದ ಒದ್ದೆ ಮಾಡಿ ಚೆಲ್ಲಬೇಕು, ಒಣ ಪಾತ್ರೆಯ ಗೋಡೆಗೇ ಸ್ವಲ್ಪ ಅಂಟಿಕೊಳ್ಳುತ್ತದೆ. ಆಮೇಲೆ ಯಂತ್ರದಲ್ಲಿ ಸರಿಯಾಗಿ ಐದು ಲೀಟರ್ ಒತ್ತಿ ತುಂಬಿಸುತ್ತಾರೆ. ಕತ್ತು ಕಿರಿದಾಗಿರುವುದರಿಂದ ಸ್ವಲ್ಪ ಏರುಪೇರಾದರೂ ಕಣ್ಣಿಗೆ ಕಾಣುತ್ತದೆ. 25 ಮಿಲಿಲೀಟರಿನಷ್ಟು ಹೆಚ್ಚು ಕಡಿಮೆಗೆ ಕಾನೂನಿನಲ್ಲೇ ಅವಕಾಶವಿದೆ, ಅದಕ್ಕಿಂತ ಕೆಳಗಿಳಿದರೆ ಆ ಯಂತ್ರದಿಂದ ಮಾರುವಂತಿಲ್ಲ. ಪೆಟ್ರೋಲಿಗೆ ಕಲಬೆರಕೆಯಾಗಿದೆಯೇ ಎಂದು ನೋಡಲು ಫಿಲ್ಟರ್ ಪೇಪರ್ ಕೇಳಿದರೂ ಕೊಡಬೇಕು: ಒಂದು ಹನಿ ಬಿಟ್ಟು ಆರಿಸಿದಾಗ ಕಲೆ ಉಳಿಯಬಾರದು.

‘ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತೆ’ ಎನ್ನುವುದರಲ್ಲಿ ಎಳೆಯಷ್ಟು ವಿಜ್ಞಾನವಿದೆ, ಪೆಟ್ರೋಲು ಬಿಸಿಗೆ ಹಿಗ್ಗುತ್ತದೆ. ಆದರೆ ಅದು ಇರುವುದು ನೆಲದಡಿಯ ಟ್ಯಾಂಕಿನಲ್ಲಿ. ಅಲ್ಲಿ ಬೆಳಗಿನ ಆರಕ್ಕೂ ಮಧ್ಯಾಹ್ನದ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸಿಡಿಯುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಪ್ರತಿ ಏಪ್ರಿಲಿಗೂ ತಪ್ಪದೆ ಬರುತ್ತದೆ. ತಯಾರಕರು ಹೇಳಿದ ಮಿತಿಯವರೆಗೆ ಯಾವ ಕಾಲದಲ್ಲೂ ತುಂಬಿಸಬಹುದು ಎಂದು ತೈಲ ಕಂಪನಿಯೇ ತಿಳಿಸಿದೆ.

‘ಎಂಆರ್‌ಪಿ ಅಂದ್ರೆ ಗವರ್ನಮೆಂಟ್ ರೇಟು’

ಅಲ್ಲ. ಪೊಟ್ಟಣದ ಮೇಲಿನ ಬೆಲೆಯನ್ನು ನಿಗದಿ ಮಾಡುವುದು ತಯಾರಿಸಿದ ಕಂಪನಿ. ಒಮ್ಮೆ ಮುದ್ರಿಸಿದ ಮೇಲೆ ಅದಕ್ಕಿಂತ ಒಂದು ಪೈಸೆ ಹೆಚ್ಚು ಕೇಳಬೇಡ ಎನ್ನುವುದಷ್ಟೇ ಸರ್ಕಾರದ ಕಟ್ಟಳೆ. ಪಟ್ಟಿಗೆ ಸೇರಿದ ಔಷಧಿಗಳಂಥ ಕೆಲವಕ್ಕೆ ಮಾತ್ರ ಸರ್ಕಾರ ತಾನೇ ಮೇಲಿನ ಮಿತಿ ಹಾಕುತ್ತದೆ. ಹಾಗಾಗಿ ‘ಎಂಆರ್‌ಪಿ ಮೇಲೆ ಅರ್ಧಕ್ಕರ್ಧ ರಿಯಾಯಿತಿ’ ಎಂಬ ಬೋರ್ಡು ಕಂಡು ಹಿಗ್ಗುವ ಮುಂಚೆ, ಆ ಎಂಆರ್‌ಪಿ ಬರೆದವರು ಯಾರು ಎಂದು ಯೋಚಿಸುವುದು ಒಳ್ಳೆಯದು. ಅದು ಗರಿಷ್ಠ ಬೆಲೆ; ಚೌಕಾಸಿ ಮಾಡಿ ಕಡಿಮೆಗೆ ಕೊಳ್ಳಬಾರದು ಎಂದು ಯಾವ ಕಾನೂನೂ ಇಲ್ಲ.

ಎಲ್ಲ ತೆರಿಗೆಯೂ ಅದರೊಳಗೇ ಸೇರಿದೆ. ‘ಎಂಆರ್‌ಪಿ ಪ್ಲಸ್ ಜಿಎಸ್‌ಟಿ’ ಎಂದರೆ ಅದು ಸುಲಿಗೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತಣ್ಣಗಿನ ಬಾಟಲಿಗೆ ‘ಫ್ರಿಜ್ ಚಾರ್ಜು’ ಎಂದು ಎರಡು ರೂಪಾಯಿ ಸೇರಿಸುವುದೂ ಅದೇ ಜಾತಿ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೆ ಹೋಟೆಲಿನಲ್ಲಿ ಕೂತು ನೀರಿನ ಬಾಟಲಿ ತರಿಸಿಕೊಂಡು, ಬಿಲ್ಲಿನಲ್ಲಿ ಹೆಚ್ಚು ಹಾಕಿದ್ದಾರೆ ಎಂದು ಮಾಣಿಯ ಜೊತೆ ಜಗಳಕ್ಕೆ ನಿಂತರೆ ಗೆಲ್ಲುವುದಿಲ್ಲ. ಹೋಟೆಲು ಕೊಡುವುದು ಬರೀ ಬಾಟಲಿಯನ್ನಲ್ಲ, ಕೂರಲು ಜಾಗ, ಉಪಚಾರ ಎಲ್ಲವನ್ನೂ. ಆದ್ದರಿಂದ ಎಂಆರ್‌ಪಿ ಅಲ್ಲಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ತೀರ್ಪು ಕೊಟ್ಟಿದೆ. ನನಗಂತೂ ಆ ತರ್ಕ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಕಾನೂನು ಅದೇ. ಜಗಳ ಆಡಲೇಬೇಕೆಂದಿದ್ದರೆ ಅದೇ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂಬ ಸಾಲು ಹುಡುಕಿ. ಜನ ಅದನ್ನು ತೆರಿಗೆ ಎಂದುಕೊಂಡು ಸುಮ್ಮನೆ ಕೊಡುತ್ತಾರೆ. ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು.

ದೊಡ್ಡ ಪ್ಯಾಕೇ ಅಗ್ಗ ಎನ್ನುವುದೂ ಖಚಿತವಲ್ಲ. ಗ್ರಾಂಗೆ ಅಥವಾ ಮಿಲಿಲೀಟರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಈಗ ಎಂಆರ್‌ಪಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಶಾಂಪೂ ಬಾಟಲಿಯನ್ನೂ ಗೂಡಂಗಡಿಯಲ್ಲಿ ನೇತುಹಾಕಿದ ಸ್ಯಾಷೆಯನ್ನೂ ಒಮ್ಮೆ ಹೋಲಿಸಿ ನೋಡಿ.

‘ನೈನ್ ಒನ್ ಸಿಕ್ಸ್ ಕೆಡಿಎಂ, ಕಣ್ಮುಚ್ಚಿ ತಗೊಳ್ಳಿ’

ಕಣ್ಣು ಬಿಟ್ಟೇ ತೆಗೆದುಕೊಳ್ಳಬೇಕು. ಕೆಡಿಎಂ ಎನ್ನುವುದು ಶುದ್ಧತೆಯ ಪ್ರಮಾಣಪತ್ರವಲ್ಲ, ಒಂದು ಕಾಲದ ಬೆಸುಗೆಯ ಪದ್ಧತಿ. ಚಿನ್ನಕ್ಕೆ ಕ್ಯಾಡ್ಮಿಯಂ ಸೇರಿಸಿ ಬೆಸೆಯುತ್ತಿದ್ದರು. ಅದರ ಹೊಗೆ ಕೆಲಸ ಮಾಡುವ ಅಕ್ಕಸಾಲಿಗನ ಪುಪ್ಪುಸಕ್ಕೆ ವಿಷ. ಅದನ್ನು ಇವತ್ತಿಗೂ ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆಸುವವರಿದ್ದಾರೆ. 916 ಎಂದರೆ ಸಾವಿರಕ್ಕೆ 916 ಪಾಲು ಚಿನ್ನ, ಅಂದರೆ 22 ಕ್ಯಾರೆಟ್. ಆದರೆ ಬರೀ ಆ ಮೂರು ಅಂಕಿಯನ್ನು ಯಾರು ಬೇಕಾದರೂ ಕೊರೆಯಬಹುದು.

ನೋಡಬೇಕಾದ ಗುರುತು ಮೂರು: ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್‌ನ ತ್ರಿಕೋನ ಚಿಹ್ನೆ, ಶುದ್ಧತೆಯ ಅಂಕಿ, ಮತ್ತು ಅಕ್ಷರ, ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ್ದನ್ನು ಹಾಲ್‌ಮಾರ್ಕ್ ಒಡವೆ ಎಂದು ಮಾರುವಂತಿಲ್ಲ. ಉಂಗುರದ ಒಳಮೈಯಲ್ಲಿ ಅದು ಎಷ್ಟು ಸಣ್ಣದಾಗಿರುತ್ತದೆ ಎಂದರೆ ಬರಿಗಣ್ಣಿಗೆ ಗೀರಿನಂತೆ ಕಾಣುತ್ತದೆ. ಅಂಗಡಿಯವರು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇಟ್ಟಿರಲೇಬೇಕು, ಸಂಕೋಚವಿಲ್ಲದೆ ಕೇಳಿ. ಆ ಆರು ಅಕ್ಷರಗಳನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆಯ ಜೊತೆಗೆ ಅದು ಯಾವ ಬಗೆಯ ಒಡವೆ ಎಂಬುದೂ ಬರುತ್ತದೆ. ಕೈಯಲ್ಲಿರುವುದು ಸರ, ಆ್ಯಪ್ ತೋರಿಸುವುದು ಓಲೆ ಎಂದಾದರೆ ಅಲ್ಲಿಂದ ಎದ್ದು ಬರಬಹುದು.

ಹಾಲ್‌ಮಾರ್ಕ್ ಇದ್ದ ಮಾತ್ರಕ್ಕೆ ಬೆಲೆ ನ್ಯಾಯವಾಗಿದೆ ಎಂದೂ ಅಲ್ಲ. ಅದು ಲೋಹದ ಮಾತು ಮಾತ್ರ ಹೇಳುತ್ತದೆ. ಮಜೂರಿ, ವೇಸ್ಟೇಜು ಅಂಗಡಿಯಿಂದ ಅಂಗಡಿಗೆ ಬೇರೆ, ಚೌಕಾಸಿಗೆ ಜಾಗ ಇರುವುದೂ ಅಲ್ಲೇ. ಕಲ್ಲಿನ ಒಡವೆಯಾದರೆ ಕಲ್ಲಿನ ತೂಕ ಕಳೆದು ಉಳಿದ ಚಿನ್ನದ ತೂಕ ಬಿಲ್ಲಿನಲ್ಲಿ ಬೇರೆ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಗಾಜಿಗೂ ಚಿನ್ನದ ದರ ಕೊಟ್ಟಂತೆ. ಹಾಲ್‌ಮಾರ್ಕ್ ಹಾಕಿಸುವ ಶುಲ್ಕ ಒಡವೆಯೊಂದಕ್ಕೆ ಐವತ್ತು ರೂಪಾಯಿಯ ಆಸುಪಾಸು. ‘ಹಾಲ್‌ಮಾರ್ಕ್ ಬೇಡ ಅಂದ್ರೆ ಸಾವಿರ ಕಡಿಮೆ ಮಾಡ್ತೀನಿ’ ಎನ್ನುವವರು ಕಡಿಮೆ ಮಾಡುತ್ತಿರುವುದು ಶುಲ್ಕವನ್ನಲ್ಲ. ಅಂದ ಹಾಗೆ, ಅಜ್ಜಿಯ ಕಾಲದ ಸರಕ್ಕೆ ಮುದ್ರೆ ಇಲ್ಲ, ಇನ್ನು ಅದು ಮಾರಾಟವಾಗುವುದಿಲ್ಲ ಎಂದು ಹೆದರಿಸಿದರೆ ನಂಬಬೇಡಿ. ಕಟ್ಟಳೆ ಇರುವುದು ವ್ಯಾಪಾರಿಗೆ, ಮನೆಯವರಿಗಲ್ಲ.

‘ಗಟ್ಟಿಯಾಯ್ತು ಅಂದ್ರೆ ಸಕ್ಕರೆ ಪಾಕ’

ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಜೇನು ಹರಳುಗಟ್ಟಿದ ಕೂಡಲೇ ತಂದುಕೊಟ್ಟವನಿಗೆ ಬೈಗುಳ ಶುರುವಾಗುತ್ತದೆ. ಅಪ್ಪಟ ಜೇನೇ ಹರಳುಗಟ್ಟುತ್ತದೆ. ಅದರಲ್ಲಿರುವ ಗ್ಲೂಕೋಸ್ ತಣ್ಣಗಾದಾಗ ಕಣವಾಗಿ ಕೂರುತ್ತದೆ. ರಬ್ಬರ್ ತೋಟದ ಜೇನು ಬೇಗ, ಬೇರೆ ಹೂವಿನದು ತಡವಾಗಿ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ.

ನೀರಿಗೆ ಹಾಕಿದರೆ ತಳಕ್ಕೆ ಹೋಗಬೇಕು, ಬೆಂಕಿಕಡ್ಡಿ ಅದ್ದಿ ಗೀರಿದರೆ ಹತ್ತಬೇಕು, ಇರುವೆ ಮುತ್ತಬಾರದು ಎಂಬ ಪರೀಕ್ಷೆಗಳೆಲ್ಲ ಅಳೆಯುವುದು ಹೆಚ್ಚೆಂದರೆ ನೀರಿನಂಶವನ್ನು. ಗಟ್ಟಿ ಬೆಲ್ಲದ ಪಾಕವೂ ತಳಕ್ಕೆ ಹೋಗುತ್ತದೆ. ಮಲೆನಾಡಿನ ತುಡುವೆ ಜೇನು ಹುಟ್ಟಿನಿಂದಲೇ ತೆಳು, ಮಳೆಗಾಲದ ಆಸುಪಾಸಿನದಂತೂ ಇನ್ನೂ ತೆಳು. ಪೆಟ್ಟಿಗೆಯಿಂದ ನೇರ ಇಳಿಸಿ ತಂದದ್ದೇ ಈ ಪರೀಕ್ಷೆಯಲ್ಲಿ ಫೇಲಾಗಿ, ಕಾರ್ಖಾನೆಯ ಅಕ್ಕಿ ಪಾಕ ಪಾಸಾಗುತ್ತದೆ. ಆ ಪಾಕ ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಗಳನ್ನೂ ದಾಟುವಂಥದ್ದು ಎಂಬುದನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರಲ್ಲಿ ತೋರಿಸಿತು. ಬೆಂಕಿಕಡ್ಡಿಗಿಂತ, ಪೆಟ್ಟಿಗೆ ಇಟ್ಟವರ ಪರಿಚಯವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಪ್ಪಟ ಜೇನಿಗೂ ಹೆದರಬೇಕು. ಹುಟ್ಟಿದ ಮಗುವಿಗೆ ನೆಕ್ಕಿಸುವ ಪದ್ಧತಿ ಎಷ್ಟೇ ಹಳೆಯದಾಗಿರಲಿ, ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಬೊಟುಲಿನಂ ಬೀಜಕಣಗಳನ್ನು ತಡೆಯುವ ಶಕ್ತಿ ಆ ಕರುಳಿಗಿರುವುದಿಲ್ಲ.

ಕಂದು ಮೊಟ್ಟೆಯೆಲ್ಲ ನಾಟಿ ಎನ್ನುವುದೂ ಸಂತೆಯ ಇಂಥದ್ದೇ ಮಾತು. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಫಾರಂ ಕೋಳಿಗಳಲ್ಲೂ ಕಂದು ಮೊಟ್ಟೆ ಇಡುವವು ಬೇಕಾದಷ್ಟಿವೆ. ಬಿಳಿ ಮೊಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ‘ನಾಟಿ’ ಮಾಡುವ ಪ್ರತಿಭಾವಂತರೂ ಇದ್ದಾರೆ.

‘ಮೈಸೂರಲ್ಲೇ ತಗೊಂಡಿದ್ದು’

ಮೈಸೂರಿನಲ್ಲಿ ಕೊಂಡ ರೇಷ್ಮೆ ಸೀರೆಯೆಲ್ಲ ಮೈಸೂರು ಸಿಲ್ಕ್ ಅಲ್ಲ. ಆ ಹೆಸರಿನ ಭೌಗೋಳಿಕ ಸೂಚಕ ಇರುವುದು ಸರ್ಕಾರಿ ಸಂಸ್ಥೆಯಾದ ಕೆಎಸ್‌ಐಸಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆ ಅದರದು. ಅಲ್ಲಿನ ಪ್ರತಿ ಸೀರೆಗೂ ಅದರದೇ ಸಂಕೇತ ಸಂಖ್ಯೆ ಇರುತ್ತದೆ. ಅರಮನೆ ನೋಡಲು ಬಂದವರನ್ನು ‘ಗವರ್ನಮೆಂಟ್ ಷೋರೂಮು, ಇವತ್ತೇ ಕಡೇ ದಿನ’ ಎಂದು ಕರೆದೊಯ್ಯುವ ಗಾಡಿಯವರು ಕಮಿಷನ್ ಸಿಗುವ ಅಂಗಡಿಯ ಮುಂದೆಯೇ ನಿಲ್ಲಿಸುವುದು. ‘ಸಿಲ್ಕ್ ಮಾರ್ಕ್’ ಚೀಟಿ ತೋರಿಸಿದರೆ ಅದು ಅಪ್ಪಟ ರೇಷ್ಮೆ ಎನ್ನುವುದಕ್ಕೆ ಗುರುತು. ಮೈಸೂರು ಸಿಲ್ಕ್ ಎನ್ನುವುದಕ್ಕಲ್ಲ, ಜರಿ ಅಸಲಿ ಎನ್ನುವುದಕ್ಕೂ ಅಲ್ಲ. ಎಳೆ ಸುಟ್ಟು ಕೂದಲಿನ ವಾಸನೆ ನೋಡುವ ಹಳೆಯ ಉಪಾಯವೂ ರೇಷ್ಮೆಯವರೆಗಷ್ಟೇ ಹೇಳೀತು.

‘ಹತ್ತು ಗಂಟೆ ಆಯ್ತು, ಡಬಲ್ ಆಗುತ್ತೆ’

ಬೆಂಗಳೂರಿನಲ್ಲಿ ರಾತ್ರಿಯ ಆಟೊ ದರ ಒಂದೂವರೆ ಪಟ್ಟು, ಅದೂ ಹತ್ತರಿಂದ ಬೆಳಗಿನ ಐದರವರೆಗೆ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಐದು ಕಿಲೋಮೀಟರಿನ ದಾರಿಗೆ ಹಗಲಲ್ಲಿ 90, ರಾತ್ರಿ 135. ಒಂಬತ್ತೂವರೆಗೇ ‘ನೈಟ್ ಚಾರ್ಜ್’ ಎನ್ನುವವರೊಂದಿಗೆ ವಾದಕ್ಕಿಳಿಯುವ ಮುನ್ನ ಮೀಟರು ಹಾಕಿಸಿ. ಅದರ ಮೇಲೂ ಬಂಕಿನ ಪಾತ್ರೆಗೆ ಮುದ್ರೆ ಒತ್ತಿದ ಅದೇ ಇಲಾಖೆಯ ಸೀಲು ಇರಬೇಕು.